ಬಂದಗಿಸಾಬನ ‘ಠೀಕ್ ಹೈ’

ಹಿಮಾಲಯವನ್ನು ಬಿಟ್ಟರೆ ಈ ದೇಶದಲ್ಲಿ ಗಟ್ಟಿ ವಸ್ತು ಎಂಬುದು ಒಂದೇ, ಅದು ನಮ್ಮ ಸತ್ತಿ ಊರಿನ ಬಂದಗಿಸಾಬ. ಈ ಮನುಷ್ಯನ ಬಾಯಿಂದ ನೋವು ಎಂಬ ಮಾತು ಹುಟ್ಟಿದಂದಿನಿಂದ ಹೊರಬಿದ್ದಿಲ್ಲ, ಮುಂದೆಯೂ ಬೀಳುವುದಿಲ್ಲ, ಬಿದ್ದ ದಿನ ಕೃಷ್ಣಾ ನದಿ ತಿರುಗಿ ಹರಿದು ಮಹಾಬಳೇಶ್ವರದ ಗುಡ್ಡ ಏರುತ್ತದೆ ಎಂದು ಅವನ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕುಳಿತು ಊರ ಮಂದಿಯೆದುರು ಸಾರಿದವನು ನಾನು. ಯಾರೂ ಎದುರಾಡಲಿಲ್ಲ. ಎದುರಾಡಲು ಅವರ ಹತ್ತಿರ ಪುರಾವೆ ಇರಲಿಲ್ಲ, ನನ್ನ ಹತ್ತಿರ ಬೇಕಾದಷ್ಟಿತ್ತು.

ಚಿಕ್ಕವನಿದ್ದಾಗ ಹೊಳೆದಂಡೆಯಲ್ಲಿ ಅವನಿಗೊಂದು ಚೇಳು ಕುಟುಕಿತು. ಚೇಳಿಗೆ ಜ್ವರ ಬಂತು. ಮುಂದೊಮ್ಮೆ ಎಮ್ಮೆ ಅವನ ಪಾದ ತುಳಿಯಿತು. ಆ ಎಮ್ಮೆ ಸಾಯುವ ತನಕ ಕುಂಟುತ್ತಲೇ ಹಾಲು ಕೊಟ್ಟಿತು. ಬೆಳಗಾವಿಗೆ ಹೋಗಿ ಮಿಲಿಟರಿಗೆ ಭರ್ತಿಯಾದಾಗ ಓಟದಲ್ಲಿ ಅವನ ಹಿಂದೆ ಉಳಿದವರ ಪೈಕಿ ಒಂದು ಮೋಟಾರ್ ಸೈಕಲ್ಲೂ ಇತ್ತು. ಇವನ್ನೆಲ್ಲ ನಾನು ಕಣ್ಣಾರೆ ಕಂಡಿಲ್ಲ. ಆದರೆ ಇಷ್ಟು ವರ್ಷ ಹೇಳಿ ಹೇಳಿ ಈಗ ಕಂಡಷ್ಟೇ ಆಗಿದೆ.

ಕಾಲಿನ ಸಂಗತಿ ಮಾತ್ರ ಅಪ್ಪಟ ನಿಜ. ಗಡಿಯ ಹಿಮದ ಗುಡ್ಡದಲ್ಲಿ ಗಸ್ತು ತಿರುಗುವಾಗ ನೆಲದಲ್ಲಿ ಹುಗಿದಿಟ್ಟ ಬಾಂಬಿನ ಮೇಲೆ ಕಾಲಿಟ್ಟ. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ನನ್ನ ವರದಿಯ ಪ್ರಕಾರ ಅದು ಹಾರಿ ಗಡಿಯಾಚೆ ಬಿದ್ದು, ಇವತ್ತಿಗೂ ಪಾಸ್‌ಪೋರ್ಟ್ ಇಲ್ಲದೆ ಆ ದೇಶದಲ್ಲೇ ಠಿಕಾಣಿ ಹೂಡಿದೆ. ಬಂದಗಿಸಾಬ ಈ ವರದಿಯನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಹಿಟ್ಟು ಮೆತ್ತಿದ ಹುಬ್ಬಿನ ಕೆಳಗೆ ಕಣ್ಣು ಸಣ್ಣ ಮಾಡಿ, ಮುಂದಿನವರ ಜೋಳ ಸುರಿಯುತ್ತಿದ್ದ.

ಕಾಲು ತೆಗೆದ ಮಿಲಿಟರಿ ಸರ್ಜನ್ ಅವನಿಗೆ ಒಂದು ಮಾತು ಹೇಳಿ ಕಳಿಸಿದ್ದನಂತೆ: ನಿನ್ನ ಮೊಣಕಾಲು ಉಳಿಸಿಕೊಟ್ಟಿದ್ದೇನೆ, ಅದನ್ನು ಗಡಿ ಕಾದ ಹಾಗೆ ಕಾಯಿ, ಅದೊಂದು ಇದ್ದರೆ ನೀನು ನಡೆಯುವ ಮನುಷ್ಯ, ಅದು ಹೋದರೆ ಕೂತ ಮನುಷ್ಯ. ಬಂದಗಿಸಾಬ ಹಾಗೆಯೇ ಕಾಯ್ದ. ಮೊಣಕಾಲಿನ ಕೆಳಗೆ ಉಳಿದ ಮೋಟಿಗೆ ಮಿಲಿಟರಿಯವರು ಕೊಟ್ಟ ಫೈಬರ್ ಕಾಲು ತೊಡಿಸಿ, ಪಟ್ಟಿ ಬಿಗಿದು, ಮೆಟ್ಟಿಲು ಹತ್ತಿ ಗಿರಣಿಯ ಬಾಯಿಗೆ ಜೋಳ ಸುರಿಯುತ್ತಿದ್ದ. ನಮಾಜಿನಲ್ಲಿ ಎಲ್ಲರ ಸಾಲಿನಲ್ಲಿ, ಎಲ್ಲರ ಹಾಗೆ ಮೊಣಕಾಲೂರಿ ಹಣೆ ನೆಲಕ್ಕೆ ಹಚ್ಚುತ್ತಿದ್ದ. ಮಸೀದಿಯ ಹಿಂದಿನ ಗೋಡೆಗೆ ಮುದುಕರಿಗಾಗಿ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳನ್ನು ಅವನು ನೋಡುತ್ತಿದ್ದ ರೀತಿ, ನಾವು ಸುಡುಗಾಡಿನ ಗೇಟು ನೋಡುವ ರೀತಿ.

ಇಲ್ಲದ ಕಾಲೂ ಆ ಮನೆಯಲ್ಲಿ ಒಬ್ಬ ಸದಸ್ಯನ ಹಾಗೆಯೇ ಇತ್ತು. ಮಿಲಿಟರಿಯಿಂದ ಮರಳಿ ಬಂದ ಹೊಸತರಲ್ಲಿ ಹಾರಿಹೋದ ಪಾದದ ಬೆರಳು ತುರಿಸುತ್ತಿದೆ ಎಂದು ಅವನು ಚಡಪಡಿಸಿದರೆ, ಹೆಂಡತಿ ದಾವಲಬಿ ಎದ್ದು ಬಂದು, ಪಾದ ಇರಬೇಕಾಗಿದ್ದ ಜಾಗದಲ್ಲಿ ಗಾಳಿಯನ್ನು ಬಲು ಗಂಭೀರವಾಗಿ ಕೆರೆಯುತ್ತಿದ್ದಳು. ಆಮೇಲೆ ಇಬ್ಬರೂ ನಗುತ್ತಿದ್ದರು. ಗಾಳಿ ಕೆರೆದು ಗಂಡನಿಗೆ ಆರಾಮ ಕೊಟ್ಟ ಹೆಂಗಸು ಚಿಕ್ಕೋಡಿಯಿಂದ ಕಾಗವಾಡದ ತನಕ ಇನ್ನೊಬ್ಬಳಿಲ್ಲ.

ತ್ರಾಸು ಶುರುವಾದದ್ದು ಹೋದ ವರ್ಷ, ಸಕ್ಕರೆ ಕಾರ್ಖಾನೆಗಳು ಹೊಗೆ ಬಿಡಲು ಶುರು ಮಾಡುವ ಸ್ವಲ್ಪ ಮೊದಲು. ಬಂದಗಿಸಾಬ ಮೆಟ್ಟಿಲು ಹತ್ತುವಾಗ ಗಿರಣಿಯ ಕಬ್ಬಿಣದ ಕಂಬ ಹಿಡಿಯತೊಡಗಿದ. ಅದೇ ಹೊತ್ತಿಗೆ ದಾವಲಬಿಯ ಮನೆಯಲ್ಲಿ ಇಲಿಗಳ ಕಾಟ ಎಂಬ ಸುದ್ದಿ ಬಂತು. ಗಂಡ ಹೊದೆಯುವ ಕೌದಿಯ ಅಂಚು ದಿನಾ ಕಡಿದು ಕಡಿದು ನಾರಾಗುತ್ತಿತ್ತು. ಅವಳು ಬೋನು ಇಟ್ಟಳು, ಬೋನಿನೊಳಗೆ ರೊಟ್ಟಿ ಇಟ್ಟಳು. ರೊಟ್ಟಿ ಹಾಗೆಯೇ ಒಣಗಿತು, ಕೌದಿ ಮಾತ್ರ ಸವೆಯುತ್ತಲೇ ಹೋಯಿತು. ಕೊನೆಗೊಂದು ನಸುಕಿನಲ್ಲಿ ಎಚ್ಚರವಾಗಿ ನೋಡಿದರೆ ಇಲಿ ಪಕ್ಕದಲ್ಲೇ ಮಲಗಿತ್ತು. ಕೌದಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು.

ಅವಳು ಗಿರಣಿಯ ಕಟ್ಟೆಗೆ ಬಂದು ಇದನ್ನು ಹೇಳಿದಾಗ ನಾನು ನಗಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

“ಅಣ್ಣಾಸಾಬಣ್ಣ, ನೀನ ಕರಕೊಂಡು ಹೋಗು,” ಎಂದಳು. “ನನ್ನ ಮಾತ ಕೇಳಂಗಿಲ್ಲ. ಮೊಣಕಾಲ ಬುಡಕ್ಕ ಬಾವು ಬಂದೈತಿ. ಮೊಣಕಾಲ ಹೋತಂದ್ರ ಈ ಮನಷ್ಯಾ ಉಳಿಯಂಗಿಲ್ಲ.”

ಅಥಣಿಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಎಲುಬಿನ ಡಾಕ್ಟರು ಶ್ರೀಪಾಲ, ಕೈ ಒಳ್ಳೆಯದು ಎಂದು ಹೆಸರಾದವರು. ಗಾಜಿನ ಬಾಗಿಲು, ಒಳಗೆ ಒಂದು ದೊಡ್ಡ ಟೇಬಲ್ಲು, ಟೇಬಲ್ಲಿನ ಮೇಲೆ ಕಂಪ್ಯೂಟರು, ಅದರ ಹಿಂದೆ ತಿರುಗುವ ಕುರ್ಚಿ. ಕುರ್ಚಿ ನಾಲ್ಕೂ ದಿಕ್ಕಿಗೆ ತಿರುಗುತ್ತಿತ್ತು. ಅದರ ಮೇಲಿನ ಕುತ್ತಿಗೆ ಮಾತ್ರ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ತಿರುಗುತ್ತಿರಲಿಲ್ಲ. ಹೊರಗೆ ಉದ್ದನೆಯ ಮರದ ಬಾಕಿನ ಮೇಲೆ ರಾಯಬಾಗದಿಂದ, ಕಾಗವಾಡದಿಂದ ಬಂದ ಮಂದಿ ಒಬ್ಬರ ತೊಡೆಯ ಮೇಲೊಬ್ಬರು ಎಂಬಂತೆ ಕುಳಿತಿದ್ದರು. ಡಾಕ್ಟರು ಒಬ್ಬರನ್ನು ನೋಡುವ ವೇಗಕ್ಕೆ ಬಾಗಿಲು ಮುಚ್ಚಿಕೊಳ್ಳಲು ಪುರುಸೊತ್ತು ಸಿಗುತ್ತಿರಲಿಲ್ಲ.

ಬಂದಗಿಸಾಬ ಒಳಗೆ ಹೋದವನೇ ಹಿಮ್ಮಡಿಗೆ ಹಿಮ್ಮಡಿ ಬಡಿದ. ಒಂದು ಚರ್ಮದ್ದು, ಒಂದು ಫೈಬರಿನದು, ಟಕ್ ಎಂದು ಶಬ್ದ ಬಂತು. ಸೆಲ್ಯೂಟ್ ಹೊಡೆದ. ಎದೆ ಉಬ್ಬಿತು, ಗದ್ದ ಮೇಲೇರಿತು.

ಹೆಂಗೈತಿ ಎಂದು ಡಾಕ್ಟರು ಕಂಪ್ಯೂಟರನ್ನು ಕೇಳಿದರು.

“ಠೀಕ್ ಹೈ, ಸಾಬ್.”

ಠೀಕ್ ಇದ್ದರೆ ಬಂದದ್ದು ಯಾಕೆ ಎಂದು ಅವರು ಕೇಳಿದ್ದು ನ್ಯಾಯವೇ. ನಾನು ಬಾಯಿ ಹಾಕಿ ಬಾವಿನ ವಿಷಯ ಹೇಳುವಷ್ಟರಲ್ಲಿ ಶಕ್ತಿಯ ಗುಳಿಗೆ ಬರೆದಾಗಿತ್ತು, ಮುಂದಿನ ಮನುಷ್ಯ ಒಳಗೆ ಬಂದಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ, ಹೀಗೇಕೆ ಮಾಡಿದೆ ಮಾರಾಯ ಎಂದು ಕೇಳಿದೆ. ಆಗ ಅವನು ಹೇಳಿದ ಸಂಗತಿ ಇದು. ಮಿಲಿಟರಿಯಲ್ಲಿ ಬೆಳಿಗ್ಗೆ ಜಡ್ಡಿನವರನ್ನೆಲ್ಲ ಸಾಲು ನಿಲ್ಲಿಸುತ್ತಾರೆ. ಟೇಬಲ್ಲಿನ ಹಿಂದೆ ಡಾಕ್ಟರು ಕುಳಿತಿರುತ್ತಾರೆ. ಆ ಸಾಲಿನಲ್ಲಿ ಕೆಲವರು ಖರೆ ರೋಗಿಗಳು, ಕೆಲವರು ಪರೇಡ್ ತಪ್ಪಿಸುವ ಕಳ್ಳರು. ಕಳ್ಳರು ಬಹಳ ನರಳುತ್ತಾರೆ. ಅದಕ್ಕಾಗಿ ನರಳಿದವನನ್ನು ಅಲ್ಲಿ ಯಾರೂ ನಂಬುವುದಿಲ್ಲ. ಹೊಸದಾಗಿ ಸೇರಿದಾಗ ಅವನ ಹವಾಲ್ದಾರ ಕಲಿಸಿದ ಮೊದಲ ಪಾಠವೆಂದರೆ, ಟೇಬಲ್ಲಿನ ಹಿಂದೆ ಕುಳಿತವನು ಹೇಗಿದ್ದೀಯ ಎಂದು ಕೇಳಿದರೆ ಉತ್ತರ ಒಂದೇ. ಆ ಉತ್ತರ ಅವನ ಎಲುಬಿಗೆ ಇಳಿದಿತ್ತು. ಕಾಲು ಹಾರಿದ ದಿನ ಸ್ಟ್ರೆಚರಿನ ಮೇಲೆ ಮಲಗಿದ್ದವನನ್ನು ಮೇಜರ್ ಸಾಹೇಬರು ಕೇಳಿದಾಗಲೂ ಅದನ್ನೇ ಹೇಳಿದನಂತೆ. ಮೇಜರ್ ಸಾಹೇಬರು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡರಂತೆ. ಇಷ್ಟು ದೊಡ್ಡ ಮಾನ ಕೊಟ್ಟ ಮಾತನ್ನು ಬಿಟ್ಟು ಈಗ ಅಥಣಿಯಲ್ಲಿ ಬೇರೆ ಮಾತು ಎಲ್ಲಿಂದ ತರುವುದು ಎಂದು ಅವನು ನನ್ನನ್ನೇ ಕೇಳಿದ.  ನಾನು ಇನ್ನೊಂದು ಚಹಾ ಹೇಳಿದೆ.

ಬಾವು ಇಳಿಯಲಿಲ್ಲ. ದಾವಲಬಿ ಅವನಿಗೆ ಮನೆಯಲ್ಲಿ ತಾಲೀಮು ಶುರು ಮಾಡಿದಳು. ರೊಟ್ಟಿ ಬಡಿಯುತ್ತ ತಾನೇ ಡಾಕ್ಟರಾಗಿ, ಹೆಂಗೈತಿ ಎಂದು ಕೇಳುವಳು. ನೋಯ್ತೈತಿ ಅನ್ನು ಎಂದು ತಾನೇ ಹೇಳಿಕೊಡುವಳು. ಶಬ್ದ ಅವನ ಗಂಟಲ ತನಕ ಬಂದು, ಅಲ್ಲಿ ಪರೇಡಿನ ಸಿಪಾಯಿಯ ಹಾಗೆ ಸಾವಧಾನ್ ನಿಂತು, ಹಿಂದಕ್ಕೆ ತಿರುಗಿ ಹೋಗುತ್ತಿತ್ತು. ಕಡೆಗೆ ಇಬ್ಬರ ನಡುವೆ ಒಂದು ರಾಜಿ ಆಯಿತು. ಅವನು ‘ಥೋಡಾ ತ್ರಾಸ ಐತಿ’ ಎನ್ನುವುದು, ಮಿಕ್ಕಿದ್ದನ್ನು ಅವಳು ಹೇಳುವುದು.

ಎರಡನೆಯ ಸಲ ಅವಳೂ ಬಂದಳು. ಟಕ್ ಎಂಬ ಶಬ್ದ, ಸೆಲ್ಯೂಟ್, ಎಲ್ಲ ಹಿಂದಿನಂತೆಯೇ. ಆಮೇಲೆ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು.

“ಥೋಡಾ ತ್ರಾಸ ಐತ್ರಿ, ಸಾಬ್.”

ಬೇರೆಯವರು ನೆಲದ ಮೇಲೆ ಬಿದ್ದು ಹೊರಳಾಡಿದರೂ ಈ ಮಾತಿನ ತೂಕ ಬರುವುದಿಲ್ಲ. ಅದು ಗೊತ್ತಿದ್ದವರು ಆ ಕೋಣೆಯಲ್ಲಿ ನಾವಿಬ್ಬರೇ.

ಯಾವ ಕಾಲು ಎಂದು ಡಾಕ್ಟರು ಕೇಳಿದರು. ಎಡಗಾಲು ಎಂದ. ಆಗ ಅವರ ಕುತ್ತಿಗೆ ಮೊದಲ ಸಲ ತಿರುಗಿತು. ಪ್ಯಾಂಟಿನ ಕೆಳಗೆ ಫೈಬರಿನ ಹೊಳಪು ಕಂಡಿತು. ಅವರು ನಕ್ಕರು, ಕೆಟ್ಟದಾಗಿ ಅಲ್ಲ, ಮಕ್ಕಳಿಗೆ ನಗುವ ಹಾಗೆ. ಇಲ್ಲದ ಕಾಲು ಹೇಗೆ ನೋಯುತ್ತದೆ ಹೇಳಿ ಎಂದರು. ಕಾಲು ಕಳೆದುಕೊಂಡವರಿಗೆಲ್ಲ ಹೀಗೆ ಅನ್ನಿಸುತ್ತದೆ, ಮಿದುಳು ಆಡುವ ಆಟ, ಇದಕ್ಕೆ ನಮ್ಮಲ್ಲಿ ದೊಡ್ಡ ಹೆಸರಿದೆ, ಇದು ಮನಸ್ಸಿನ ನೋವು ಎಂದರು. ಕಾಲು ಬಿಚ್ಚಿ ತೋರಿಸುತ್ತೇವೆ, ಬಾವು ಬಂದಿದೆ, ಒಮ್ಮೆ ಮುಟ್ಟಿ ನೋಡಿ ಎಂದು ದಾವಲಬಿ ಮುಂದೆ ಬಂದಳು. ಪಟ್ಟಿಗೆ ಕೈ ಹಾಕಿದ ಬಂದಗಿಸಾಬನನ್ನು ಡಾಕ್ಟರು ಬೆರಳೆತ್ತಿ ತಡೆದರು. ಪಟ್ಟಿ ತಿಕ್ಕಿದರೆ ಅಷ್ಟು ಬಾವು ಎಲ್ಲರಿಗೂ ಬರುತ್ತದೆ, ಬಿಚ್ಚಿ ಕಟ್ಟುವುದಕ್ಕೆ ಹೊತ್ತಿಲ್ಲ, ಹೊರಗೆ ಎಷ್ಟು ಮಂದಿ ಇದ್ದಾರೆ ನೋಡಿ.

ಅವಳು ಸರಿಯಲಿಲ್ಲ. ನಿದ್ದೆ ಇಲ್ಲ, ಉಣ್ಣುವುದಿಲ್ಲ, ಕೌದಿ ಕಚ್ಚುತ್ತಾನೆ ಎಂದಳು. ಡಾಕ್ಟರ ದನಿ ಸ್ವಲ್ಪ ಬಿಗಿಯಾಯಿತು.

“ನೋಡ್ರಿ ಬಾಯಾರ, ಮಿಲ್ಟ್ರಿಯವರನ್ನ ನಾ ಭಾಳ ಮಂದೀನ ನೋಡೇನಿ. ರಿಟಾಯರ್ ಆದಮ್ಯಾಲ ಕೆಲಸ ಇರೂದಿಲ್ಲ, ನೋವು ಹುಡಿಕ್ಕೋತ ಬರ್ತಾರ. ಪೆನ್ಶನ್ ಏರಸ್ಕೊಳ್ಳಾಕ ಡಾಕ್ಟ್ರ ಬಾಯಿಂದ ಒಂದ ಮಾತ ಬೇಕಾಗಿರ್ತೈತಿ. ಇಲ್ಲಿ ಅದು ನಡಿಯಂಗಿಲ್ಲ.”

  ಬಂದಗಿಸಾಬನ ಮುಖದ ಮೇಲೆ ಒಂದು ನರವೂ ಅಲುಗಲಿಲ್ಲ. ಹಿಮ್ಮಡಿ ಬಡಿದ. ಸೆಲ್ಯೂಟ್ ಹೊಡೆದ. ತಿರುಗಿ ಹೊರಗೆ ನಡೆದ. ಡಾಕ್ಟರು ಬರೆದಿಟ್ಟ ನಿದ್ದೆ ಗುಳಿಗೆಯ ಚೀಟಿ ಟೇಬಲ್ಲಿನ ಮೇಲೆಯೇ ಉಳಿಯಿತು.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಸೀಟು ಖಾಲಿ ಇದ್ದರೂ ದಾವಲಬಿ ನಿಂತೇ ಬಂದಳು.

ಆಮೇಲೆ ಅವನು ಎಲ್ಲಿಗೂ ಹೊರಡಲಿಲ್ಲ. ಮಿರಜಕ್ಕೆ ಹೋಗೋಣ, ಅಲ್ಲಿ ಬೇಕಾದಷ್ಟು ದವಾಖಾನೆಗಳಿವೆ ಎಂದು ಮಗ ಸೊಹೇಲ ಕೈ ಮುಗಿದ. ಸೊಹೇಲ ಟೆಂಪೋ ಹೊಡೆಯುವವನು, ಅಪ್ಪನಿಗಿಂತ ಮೂರು ಪಟ್ಟು ಮಾತಿನವನು. ಅಲ್ಲಿಯೂ ಟೇಬಲ್ಲಿನ ಹಿಂದೆ ಒಬ್ಬ ಸಾಬ್ ಕುಳಿತಿರುತ್ತಾನೆ ಎಂದಷ್ಟೇ ಹೇಳಿ ಬಂದಗಿಸಾಬ ಕಣ್ಣು ಮುಚ್ಚಿದ. ಬಾವು ಏರಿತು, ಮೋಟು ಫೈಬರ್ ಕಾಲಿನೊಳಗೆ ಹೋಗದಾಯಿತು. ಕಾಲು ಗೋಡೆಗೆ ಒರಗಿ ನಿಂತಿತು. ಗಿರಣಿಗೆ ಬೀಗ ಬಿತ್ತು. ಸತ್ತಿಯ ಹೆಂಗಸರು ಜೋಳದ ಚೀಲ ಹೊತ್ತು ಪಕ್ಕದ ಊರಿಗೆ ಹೋಗುವಂತಾಯಿತು, ಕಟ್ಟೆಯ ಮೇಲೆ ನಾನೊಬ್ಬನೇ ಉಳಿದೆ.

ನಾನು ದಿನಾ ಅವನ ಮನೆಗೆ ಹೋಗಿ ಕೂರುತ್ತಿದ್ದೆ. ಚೇಳಿನ ಕತೆ ಹೇಳಿದೆ, ಎಮ್ಮೆಯ ಕತೆ ಹೇಳಿದೆ, ಪಾಸ್‌ಪೋರ್ಟ್ ಇಲ್ಲದ ಪಾದ ಆ ದೇಶದಲ್ಲಿ ಲಗ್ನವಾಗಿ ಎರಡು ಸಣ್ಣ ಪಾದಗಳನ್ನು ಹೆತ್ತಿದೆ ಎಂಬ ಹೊಸ ಸುದ್ದಿಯನ್ನೂ ತಂದೆ. ಅವನು ಛತ್ತು ನೋಡುತ್ತ ಮಲಗಿದ್ದ. ಕತ್ತು ನನ್ನ ಕಡೆ ಹೊರಳಿಸಿ ಹೇಳಿದ.

“ಅಣ್ಣಾಸಾಬ, ಒಂದ ಮಾತ ಕೇಳ್ತೇನಿ. ಆ ಸಾಬ್ ಹಂಗ ಅಂದಾಗಿಂದ ನನಗ ಡೌಟ ಬಂದೈತಿ. ಇದು ಖರೇನ ನೋಯಾಕತ್ತೈತೊ, ನಾನ ನಾಟಕ ಮಾಡಾಕತ್ತೇನೊ?”

ನಾನು ಸುಳ್ಳು ಹೇಳಿ ಬದುಕಿದವನು. ನನ್ನ ಸುಳ್ಳು ಯಾರನ್ನೂ ಇಲ್ಲಿಗೆ ತಂದು ನಿಲ್ಲಿಸಿರಲಿಲ್ಲ. ಗಡಿಯಲ್ಲಿ ಬಾಂಬು ತೆಗೆಯಲಾಗದ್ದನ್ನು ಅಥಣಿಯಲ್ಲಿ ಒಂದು ಮಾತು ತೆಗೆದಿತ್ತು. ಹೊದಿಕೆ ಸರಿಸಿ ಮೊಣಕಾಲು ನೋಡಿದೆ. ಹಲಸಿನ ತೊಳೆಯ ಹಾಗೆ ಬಿಗಿದು ಹೊಳೆಯುತ್ತಿತ್ತು. ಖರೇನ ಐತಿ ಎಂದೆ. ಅಷ್ಟು ಚಿಕ್ಕ ಮಾತನ್ನು ನಾನು ಜನ್ಮದಲ್ಲಿ ಆಡಿರಲಿಲ್ಲ.

ಮರುದಿನ ಬೆಳಿಗ್ಗೆ ಜ್ವರ ಏರಿತು. ದಾವಲಬಿ ನನ್ನನ್ನು ಕರೆಸಿ ಅವನ ತೊಡೆ ತೋರಿಸಿದಳು. ಮೋಟಿನಿಂದ ಒಂದು ಕೆಂಪು ಗೆರೆ, ಗಿಡದ ಬೇರಿನ ಹಾಗೆ, ಮೊಣಕಾಲು ದಾಟಿ ಮೇಲೆ ಹೊರಟಿತ್ತು. ನಸುಕಿನಲ್ಲಿ ಮೊಣಕಾಲಿನ ಕೆಳಗಿತ್ತು ಎಂದಳು. ಈ ಸಲ ಯಾರೂ ಅವನನ್ನು ಕೇಳಲಿಲ್ಲ. ಸೊಹೇಲ ಟೆಂಪೋದಲ್ಲಿ ಗಾದಿ ಹಾಸಿದ, ನಾವು ಎತ್ತಿ ಮಲಗಿಸಿದೆವು. ಕಾಲು ಮನೆಯಲ್ಲಿ ಬಿಟ್ಟು ಮನುಷ್ಯ ಊರು ಬಿಡಬಾರದೆಂಬುದು ದಾವಲಬಿಯ ಕಾನೂನು. ಫೈಬರ್ ಕಾಲನ್ನು ಗಿರಣಿಯ ಹಿಟ್ಟಿನ ಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡಳು. ನೇರ ಮಿರಜ ಎಂದು ಹೊರಟೆವು.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ರಸ್ತೆ ಮನುಷ್ಯರದ್ದಲ್ಲ, ಟ್ರ್ಯಾಕ್ಟರುಗಳದ್ದು. ಒಂದು ಎಂಜಿನ್, ಹಿಂದೆ ಎರಡು ಟ್ರೇಲರು, ಟ್ರೇಲರಿನ ಎರಡೂ ಕಡೆ ಕಬ್ಬಿನ ಜಡೆ ಜೋತುಬಿದ್ದಿರುತ್ತದೆ, ಮುಂದೆ ಹಾಡು ಕಿವಿ ಹರಿಯುವಂತೆ ಕೂಗುತ್ತಿರುತ್ತದೆ. ಸೊಹೇಲ ಹಾರನ್ ಒತ್ತಿದ, ಬೈದ, ಮರಾಠಿಯಲ್ಲಿ ಬೇಡಿಕೊಂಡ, ಕನ್ನಡದಲ್ಲಿ ಶಾಪ ಹಾಕಿದ. ಅಥಣಿ ದಾಟಿ ಕಾಗವಾಡದ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಎಲ್ಲವೂ ನಿಂತುಹೋಯಿತು. ಮುಂದೆ ಟ್ರೇಲರ್ ಮಗುಚಿ ಕಬ್ಬು ರಸ್ತೆಯ ತುಂಬ ಹರಡಿತ್ತು. ಕ್ರೇನ್ ಬರಬೇಕು ಎಂದರು. ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸೊಹೇಲ ಇಳಿದು ಓಡಿ ನೋಡಿ ಬಂದ, ಸೈಕಲ್ಲೂ ದಾಟುವ ಹಾಗಿಲ್ಲ ಎಂದ.

ಬಂದಗಿಸಾಬ ಹಲ್ಲು ಕಟಕಟ ಕಡಿಯುತ್ತ, ಯಾರಿಗೋ ಹಿಂದಿಯಲ್ಲಿ ಪೊಸಿಷನ್ ಬಿಡಬೇಡ ಎನ್ನುತ್ತಿದ್ದ. ದಾವಲಬಿ ಅವನ ಲುಂಗಿ ಸರಿಸಿ ನೋಡಿದಳು. ಕೆಂಪು ಗೆರೆ ಮತ್ತೆ ಮೇಲೆ ಬಂದಿತ್ತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹೊತ್ತಿಗೆ ಸಿಗುವ ಎಲುಬಿನ ಡಾಕ್ಟರು ಯಾರು ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳೇ ಮಗನಿಗೆ ಹೇಳಿದಳು.

“ಗಾಡಿ ತಿರುಗಸು. ಅಥಣಿಗೆ ನಡಿ.”

ನಾವು ತಲುಪಿದಾಗ ಶ್ರೀಪಾಲ ಡಾಕ್ಟರು ಕಾರಿನ ಕೀಲಿ ಕೈಯಲ್ಲಿ ಹಿಡಿದು ಕುರ್ಚಿಯಿಂದ ಏಳುತ್ತಿದ್ದರು. ನರ್ಸ್ ಅಡ್ಡ ಬಂದಳು. ಸೊಹೇಲ ಅಪ್ಪನನ್ನು ಭುಜಕ್ಕೆ ಆನಿಸಿಕೊಂಡು ಅವಳನ್ನು ಬಳಸಿ ಒಳಗೆ ನುಗ್ಗಿದ. ಹಿಂದೆ ಹಿಟ್ಟಿನ ಚೀಲ ಹಿಡಿದ ದಾವಲಬಿ, ಅವಳ ಹಿಂದೆ ನಾನು. ಬಾಕಿನ ಮೇಲಿನ ಮಂದಿ ಕುತ್ತಿಗೆ ಉದ್ದ ಮಾಡಿದರು. ಬಾಗಿಲು ತೆರೆದೇ ಉಳಿಯಿತು.

ಡಾಕ್ಟರು ಗುರುತು ಹಿಡಿದರು. ಮತ್ತೆ ಬಂದಿರಾ ಎಂದರು. ಆ ಗುಳಿಗೆ ತೆಗೆದುಕೊಂಡಿದ್ದರೆ ಇಷ್ಟು ಓಡಾಟ ಇರುತ್ತಿರಲಿಲ್ಲ, ಇದು ಮನಸ್ಸಿನ ನೋವು ಎಂದು ಆವತ್ತೇ ಹೇಳಿದ್ದೆ, ಬೆಳಗಾವಿಗೆ ಹೋಗಿ ಮನಸ್ಸಿನ ಡಾಕ್ಟರನ್ನು ಕಾಣಿ ಎಂದರು. ಹೇಳುತ್ತ ಹೇಳುತ್ತ ಕೀಲಿಯನ್ನು ಬೆರಳಲ್ಲಿ ತಿರುಗಿಸಿದರು. ಬಾಗಿಲ ಕಡೆ ಹೆಜ್ಜೆ ಇಟ್ಟವರು, ರೂಢಿಯ ಮಾತು, ಕೇಳಿಯೇಬಿಟ್ಟರು.

“ಏನ ಫೌಜಿ, ಹೆಂಗೈತಿ?”

ಬಂದಗಿಸಾಬ ಮಗನ ಭುಜ ಬಿಟ್ಟು ಒಂಟಿ ಕಾಲಿನ ಮೇಲೆ ನೆಟ್ಟಗೆ ನಿಂತ. ಎದೆ ಉಬ್ಬಿತು. ಬಲಗೈ ಮೇಲೇರತೊಡಗಿತು.  ಈಗ ಬರುವ ಮಾತು ಯಾವುದು ಎಂದು ನನಗೆ ಗೊತ್ತಿತ್ತು, ಆ ಮಾತು ಬಂದರೆ ಡಾಕ್ಟರು ಕೀಲಿ ತಿರುಗಿಸುತ್ತ ಹೋಗುತ್ತಾರೆ, ಮೊಣಕಾಲೂ ಅವರ ಹಿಂದೆಯೇ ಹೋಗುತ್ತದೆ. ದಾವಲಬಿ ಹಿಟ್ಟಿನ ಚೀಲವನ್ನು ಎದೆಗವಚಿಕೊಂಡಳು. ಕೈ ಕಿವಿಯ ತನಕ ಬಂತು. ಅಲ್ಲಿ ನಿಂತಿತು.

ಕೈ ಇಳಿಸಿದ. ಅದೇ ಕೈ ಹೆಂಡತಿಯ ಕಡೆ ಚಾಚಿದ. ಅವಳಿಗೆ ತಿಳಿಯಿತು. ಚೀಲದಿಂದ ಫೈಬರ್ ಕಾಲು ತೆಗೆದು ಕೊಟ್ಟಳು. ಅವನು ಅದನ್ನು ಟೇಬಲ್ಲಿನ ಮೇಲೆ, ಕಂಪ್ಯೂಟರಿನ ಮುಂದೆ, ನೆಟ್ಟಗೆ ನಿಲ್ಲಿಸಿದ. ಹಿಟ್ಟಿನ ಧೂಳು ಎದ್ದು ಡಾಕ್ಟರ ಕೋಟಿನ ಮೇಲೆ ಕುಳಿತಿತು.

“ಇಲ್ಲದ ಕಾಲಿನ ಮಾತ ಇದರ ಕೂಡ ಆಡ್ರಿ,” ಎಂದ.  “ಇಲ್ಲದ ಕಾಲು ನನಗ ಬರೋಬರ ಗುರ್ತೈತಿ. ಅದು ತುರಸ್ತೈತಿ, ನಗಸ್ತೈತಿ. ಇಷ್ಟ ವರ್ಷ ಅದರ ಕೂಡ ಸಂಸಾರ ಮಾಡೇನಿ. ಇದು ಇದ್ದ ಕಾಲು. ಇದನ್ನ ಮುಟ್ರಿ.”

ಲುಂಗಿ ಮೇಲೆತ್ತಿದ. ಡಾಕ್ಟರು ಇದ್ದಲ್ಲೇ ನಿಂತಿದ್ದರು.

“ನೋಯ್ತೈತಿ,” ಎಂದ ಬಂದಗಿಸಾಬ.

ಮೊದಲ ಸಲ ಅದು ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆತ್ತಗಿತ್ತು. ಎರಡನೆಯ ಸಲ ಬಾಕಿನ ಮಂದಿಗೆ ಕೇಳಿಸಿತು. ಮೂರನೆಯ ಸಲ, ನಾನು ಹೇಳುತ್ತೇನೆ ಕೇಳಿ, ಅಥಣಿಯ ಬಜಾರದಲ್ಲಿ ತಕ್ಕಡಿಗಳು ತೂಗುವುದನ್ನು ನಿಲ್ಲಿಸಿದವು, ಕಬ್ಬಿನ ಟ್ರ್ಯಾಕ್ಟರುಗಳ ಹಾಡು ಬಂದಾಯಿತು, ರಾಯಬಾಗದಲ್ಲಿ ಮಲಗಿದ ಮಕ್ಕಳು ಎದ್ದು ಕುಳಿತವು. ಅಷ್ಟು ವರ್ಷ ಗಂಟಲಲ್ಲಿ ಸಾವಧಾನ್ ನಿಂತಿದ್ದ ಶಬ್ದ ಒಮ್ಮೆಗೇ ಹೊರಬಿತ್ತು. ಕೃಷ್ಣಾ ನದಿ ಮಾತ್ರ ತಿರುಗಿ ಹರಿಯಲಿಲ್ಲ. ಕಟ್ಟೆಯ ಮೇಲೆ ನಾನು ಸಾರಿದ್ದು ಅಲ್ಲಿಗೆ ಸುಳ್ಳಾಯಿತು, ನನ್ನ ಸುಳ್ಳುಗಳಲ್ಲಿ ನನಗೆ ಸಂತೋಷ ಕೊಟ್ಟ ಸುಳ್ಳು ಅದೊಂದೇ.

ಡಾಕ್ಟರು ಬಾಗಿದರು. ಮೊದಲ ಸಲ ಬೆರಳು ಹಚ್ಚಿದರು. ಹಚ್ಚಿದ ಬೆರಳು ಹಾಗೆಯೇ ನಿಂತಿತು. ಮೇಲಿನ ಕೆಂಪು ಗೆರೆಯನ್ನು ಕಣ್ಣಿನಿಂದ ಹಿಂಬಾಲಿಸಿದರು. ಕೀಲಿ ಟೇಬಲ್ಲಿನ ಮೇಲೆ ಬಿತ್ತು. ಥಿಯೇಟರ್ ತಯಾರು ಮಾಡಿ ಎಂದು ನರ್ಸಿಗೆ ಹೇಳಿದ ದನಿ ಬೇರೆಯೇ ಮನುಷ್ಯನದಾಗಿತ್ತು. ಅವರ ಕೈ ಒಳ್ಳೆಯದು ಎಂದು ಮೊದಲೇ ಹೇಳಿದೆ. ಆ ಕೈಗೆ ಮುಟ್ಟುವ ಪುರುಸೊತ್ತು ಈಗ ಸಿಕ್ಕಿತ್ತು.

ಒಳಗೆ ಹೋಗುವ ಮೊದಲು ಅವರು ದಾವಲಬಿಯ ಮುಂದೆ ನಿಂತರು. ಕೀವು ಕೀಲಿನೊಳಗೆ ಇಳಿದಿದ್ದರೆ ಮೊಣಕಾಲಿನ ಮೇಲೆ ಕೊಯ್ಯಬೇಕಾಗುತ್ತದೆ, ಇಲ್ಲವಾದರೆ ಜೀವಕ್ಕೇ ಅಪಾಯ, ಒಪ್ಪಿಗೆ ಬೇಕು ಎಂದರು. 

“ಜೀವ ಮೊದಲ ಉಳಸ್ರಿ,” ಎಂದಳು. “ಮೊಣಕಾಲ ಹೋತಂದ್ರ, ಅದು ಎದಕ್ಕ ಹೋತು ಅನ್ನೂದನ್ನ ಅವರಿಗೆ ನೀವ ಹೇಳ್ಬೇಕು. ನಾ ಹೇಳಂಗಿಲ್ಲ.”

ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಸೊಹೇಲ ಹೊರಗೆ ಹೋಗಿ ಟೆಂಪೋದ ಟಯರನ್ನು ಒದೆಯುತ್ತ ನಿಂತ. ಬಾಕಿನ ಮಂದಿ ಸರಿದು ನಮಗೆ ಜಾಗ ಕೊಟ್ಟರು. ಕಾಗವಾಡದ ಮುದುಕಿಯೊಬ್ಬಳು ತನ್ನ ಬುತ್ತಿಯ ರೊಟ್ಟಿ ಮುರಿದು ದಾವಲಬಿಯ ಕೈಯಲ್ಲಿಟ್ಟಳು. ದಾವಲಬಿ ಅದನ್ನು ತಿನ್ನಲೂ ಇಲ್ಲ, ಕೆಳಗಿಡಲೂ ಇಲ್ಲ. ಫೈಬರ್ ಕಾಲು ಅವಳ ತೊಡೆಯ ಮೇಲಿತ್ತು. ಅದರ ಪಾದವನ್ನು ಅವಳು ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು. ನಾನು ಏನಾದರೂ ನಗೆಮಾತು ಹೊಳೆಯುತ್ತದೆಯೋ ಎಂದು ಕಾದೆ. ಹೊಳೆಯಲಿಲ್ಲ. ಆ ಕೆಂಪು ದೀಪದಷ್ಟು ಹೊತ್ತು ಉರಿದ ದೀಪ ಯಾವ ದೇವರ ಗುಡಿಯಲ್ಲೂ ಇಲ್ಲ, ಯಾವ ದರ್ಗಾದಲ್ಲೂ ಇಲ್ಲ.

ದೀಪ ಆರಿದಾಗ ಡಾಕ್ಟರು ಹೊರಗೆ ಬಂದು ಮುಖವಾಡ ಕೆಳಗಿಳಿಸಿದರು. ಮೊಣಕಾಲು ಉಳಿದಿದೆ ಎಂದರು. ಕೀವು ಕೀಲಿನ ಹೊಸ್ತಿಲ ತನಕ ಬಂದಿತ್ತು, ಒಳಗೆ ಕಾಲಿಟ್ಟಿರಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಎಂದು ಶುರು ಮಾಡಿದವರು ಮಾತನ್ನು ಅಲ್ಲಿಗೇ ಬಿಟ್ಟರು. ದಾವಲಬಿ ಕೈಯಲ್ಲಿದ್ದ ರೊಟ್ಟಿಯನ್ನು ಆಗ ತಿಂದಳು.

ಬೇನೆಗೆ ಕಾರಣ ಒಂದು ಚೂರು ಕಬ್ಬಿಣ. ಜೋಳದ ಕಾಳಿನಷ್ಟು, ಕಪ್ಪಗೆ, ಚೂಪಾಗಿ. ಆ ಬಾಂಬಿನದೇ. ಇಷ್ಟು ವರ್ಷ ಮಾಂಸದೊಳಗೆ ಮಲಗಿದ್ದು, ಹೋದ ವರ್ಷ ಎದ್ದು, ದಾರಿ ಹುಡುಕುತ್ತ ಮೊಣಕಾಲಿನ ಕಡೆ ಹೊರಟಿತ್ತು. ಪಾದ ಆ ದೇಶಕ್ಕೆ ಹೋದರೆ ಆ ದೇಶದ್ದು ಒಂದು ಚೂರು ಇಲ್ಲಿ ಉಳಿದಿತ್ತಲ್ಲ, ಲೆಕ್ಕ ಸರಿಹೋಯಿತು ಎಂದು ನಾನು ಆಮೇಲೆ ಕಟ್ಟೆಯ ಮೇಲೆ ಹೇಳಲು ಶುರು ಮಾಡಿದೆ. 

ಮರುದಿನ ಬೆಳಿಗ್ಗೆ ಡಾಕ್ಟರು ವಾರ್ಡಿಗೆ ಬಂದರು. ಮುಂದೆ ಟೇಬಲ್ಲಿರಲಿಲ್ಲ, ಕಂಪ್ಯೂಟರಿರಲಿಲ್ಲ. ಎಲ್ಲಿ ಕೂರಬೇಕು ಎಂದು ತಿಳಿಯದೆ ಮಂಚದ ಅಂಚಿಗೆ ಕುಳಿತರು. ಪಟ್ಟಿ ತಾವೇ ಬಿಚ್ಚಿ ನೋಡಿದರು, ತಾವೇ ಕಟ್ಟಿದರು. ಕಬ್ಬಿಣದ ಚೂರನ್ನು ಒಂದು ಚಿಕ್ಕ ಬಾಟಲಿಯಲ್ಲಿ ಹಾಕಿ ತಂದಿದ್ದರು, ಅದನ್ನು ದಿಂಬಿನ ಪಕ್ಕದಲ್ಲಿಟ್ಟರು. ಇಂಥ ಕೇಸು ಬಹಳ ಅಪರೂಪ ಎಂದು ಕಿಟಕಿಗೆ ಹೇಳಿದರು. ಪೇಶಂಟುಗಳು ಮೊದಲ ದಿನವೇ ಬಾಯಿ ಬಿಟ್ಟು ಹೇಳಬೇಕು, ಠೀಕ್ ಹೈ ಎಂದರೆ ಡಾಕ್ಟರಿಗೆ ಹೇಗೆ ತಿಳಿಯಬೇಕು ಎಂದೂ ಕಿಟಕಿಗೇ ಹೇಳಿದರು.  ಪೆನ್ಶನ್ನಿನ ಮಾತು ಅವರಿಗೂ ನೆನಪಾಗಿರಬೇಕು. ಅದರ ಹತ್ತಿರ ಬಂದು, ಕೆಮ್ಮಿ, ಬಳಸಿ ಹೋದರು. ಕೊನೆಗೆ ಎದ್ದು ನಿಂತು, ಈ ಸಲ ಮುಖ ನೋಡಿ, ಕೇಳಿದರು.

“ಈಗ ಹೆಂಗೈತಿ, ಫೌಜಿ?”

ದಾವಲಬಿ ಸೆರಗು ಹಿಡಿದು ಗಂಡನ ಬಾಯಿಯನ್ನೇ ನೋಡಿದಳು. ಬಂದಗಿಸಾಬ ಸೆಲ್ಯೂಟ್ ಹೊಡೆಯಲಿಲ್ಲ. ಬಾಟಲಿಯನ್ನು ಎತ್ತಿ ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಡಾಕ್ಟರ ಅಂಗೈಗೆ ಮರಳಿ ಇಟ್ಟ.

“ಕಾಲು ಆರಾಮ ಐತ್ರಿ, ಡಾಕ್ಟರ,” ಎಂದ. “ಈಗ ನೋವು ಮನಸಿನ್ಯಾಗ ಐತಿ. ನೀವು ಆವತ್ತ ಹೇಳಿದ್ದು ಇವತ್ತ ಖರೆ ಆತು.”